ಖಾಲಿ ಹಾಲ್‌ಗಳಲ್ಲಿ ಹುಟ್ಟಿದ ಆಲ್ಬಮ್: ಆರ್‌ಇಎಂನ ‘ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ’ ಮತ್ತೆ ಕೇಳಿದಾಗ

ಆರ್‌ಇಎಂ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಎರಡೋ ಮೂರೋ ಹಾಡು. ‘ಲೂಸಿಂಗ್ ಮೈ ರಿಲಿಜನ್’ ಅಂತೂ ಖಂಡಿತ. ಅದರ ಬೆನ್ನಿಗೇ ‘ಎವ್ರಿಬಡಿ ಹರ್ಟ್ಸ್’. ಸ್ವಲ್ಪ ಜಾಸ್ತಿ ಕೇಳಿದವರು ‘ಮ್ಯಾನ್ ಆನ್ ದ ಮೂನ್’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. 1990ರ ದಶಕದ ಮೊದಲ ಅರ್ಧದಲ್ಲಿ ಜಗತ್ತಿನ ಅತಿ ದೊಡ್ಡ ರಾಕ್ ಬ್ಯಾಂಡ್‌ಗಳ ಸಾಲಿನಲ್ಲಿ ನಿಂತಿದ್ದವರು ಇವರು. ಈಗ ಹೊಸ ಕೇಳುಗರ ಪಾಲಿಗೆ ಹಳೇ ಹಿಟ್ ಹಾಡುಗಳ ಪ್ಲೇಲಿಸ್ಟ್‌ನಲ್ಲಿ ಬಂದು ಹೋಗುವ ಒಂದು ಹೆಸರು, ಅಷ್ಟೇ. ಅವರು 1996ರಲ್ಲಿ ತಂದ ‘ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ’ಯನ್ನು ಕೇಳಿದವರು ಇನ್ನೂ ಕಡಿಮೆ. ನನ್ನ ಕೇಳಿದರೆ ಅವರ ಅತ್ಯುತ್ತಮ ಕೆಲಸ ಇದೇ. ಮೇಲೆ ಹೇಳಿದ ಹಿಟ್ ಹಾಡುಗಳಿರುವ ಎರಡು ಆಲ್ಬಮ್‌ಗಳಿಗಿಂತಲೂ ಒಂದು ಕೈ ಮೇಲು. ಹೀಗಂದರೆ ಜಗಳಕ್ಕೆ ಬರುವವರಿದ್ದಾರೆ, ಬರಲಿ.

ಬ್ಯಾಂಡಿನ ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನುವ ಕಾಲೇಜು ಊರು. 1980ರಲ್ಲಿ ಅಲ್ಲಿ ನಾಲ್ಕು ಹುಡುಗರು ಸೇರಿ ಕಟ್ಟಿದ ಬ್ಯಾಂಡ್ ಇದು. ಹಾಡುವುದು ಮೈಕೆಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬೇಸ್ ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರಿ. ಮೊದಲ ಆಲ್ಬಮ್ ‘ಮರ್ಮರ್’ ಬಂದದ್ದು 1983ರಲ್ಲಿ. ಆ ದಶಕವಿಡೀ ಊರೂರು ಸುತ್ತಿ, ಕಾಲೇಜು ರೇಡಿಯೊಗಳಲ್ಲಿ ಹೆಸರು ಮಾಡಿ, ಮೆಲ್ಲಗೆ ಮೇಲೆ ಬಂದರು. 1991ರ ‘ಔಟ್ ಆಫ್ ಟೈಮ್’ ಮತ್ತು 1992ರ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’ ಇವರನ್ನು ಎಲ್ಲಿಂದ ಎಲ್ಲಿಗೋ ಒಯ್ದವು. ಯಾರು ಬರೆದರೂ ನಾಲ್ವರ ಹೆಸರೂ ಹಾಡಿನ ಕೆಳಗಿರಬೇಕು, ದುಡ್ಡು ಸಮಪಾಲು ಅನ್ನುವುದು ಇವರ ಲೆಕ್ಕ. ಎಷ್ಟೋ ಬ್ಯಾಂಡ್‌ಗಳು ಇದೇ ವಿಷಯಕ್ಕೆ ಕಿತ್ತಾಡಿ ಬೇರೆಯಾಗಿವೆ. ಇವರು ಆ ಗಲಾಟೆಯೇ ಬೇಡ ಅಂತ ಮೊದಲೇ ಬಗೆಹರಿಸಿಕೊಂಡಿದ್ದರು.

ಆ ಎರಡು ದೊಡ್ಡ ಆಲ್ಬಮ್‌ಗಳು ಬಂದಾಗ ಇವರು ಟೂರ್ ಹೋಗಿರಲಿಲ್ಲ. 1989ರ ನಂತರ ಮತ್ತೆ ಹೊರಟದ್ದು 1995ರಲ್ಲಿ, ‘ಮಾನ್‌ಸ್ಟರ್’ ಆಲ್ಬಮ್ ಹಿಡಿದುಕೊಂಡು. ಜನವರಿಯಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಶುರು. ಆಮೇಲೆ ಆದದ್ದೆಲ್ಲ ಗ್ರಹಚಾರ. ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಶೋ ನಡೆಯುತ್ತಿರುವಾಗಲೇ ಬಿಲ್ ಬೆರಿಗೆ ತಡೆಯಲಾಗದ ತಲೆನೋವು ಬಂತು. ನೋಡಿದರೆ ಮೆದುಳಿನ ರಕ್ತನಾಳ ಒಡೆದಿತ್ತು. ಅಲ್ಲೇ ಆಪರೇಷನ್ ಆಯಿತು, ಮನುಷ್ಯ ಉಳಿದ. ಮೇ ತಿಂಗಳಲ್ಲಿ ಮತ್ತೆ ಡ್ರಮ್ಸ್ ಮುಂದೆ ಕೂತೂ ಬಿಟ್ಟ! ಜುಲೈಯಲ್ಲಿ ಮೈಕ್ ಮಿಲ್ಸ್‌ಗೆ ಹೊಟ್ಟೆಯ ಆಪರೇಷನ್. ಆಗಸ್ಟ್‌ನಲ್ಲಿ ಸ್ಟೈಪ್‌ಗೆ ಹರ್ನಿಯಾ. ನಾಲ್ವರಲ್ಲಿ ಮೂವರು ಒಂದೇ ಟೂರಿನಲ್ಲಿ ಆಸ್ಪತ್ರೆ ಸೇರಿ ಎದ್ದು ಬಂದವರು. ಬೇರೆ ಯಾರೇ ಆಗಿದ್ದರೂ ಎಲ್ಲ ಮುಗಿದ ಮೇಲೆ ಒಂದು ವರ್ಷ ಮಲಗಿಬಿಡುತ್ತಿದ್ದರು. ಇವರು ಆ ಟೂರ್ ನಡೆಯುತ್ತಿರುವಾಗಲೇ ಹೊಸ ಆಲ್ಬಮ್ ಮಾಡಿದರು.

ಮಾಡಿದ ರೀತಿಯಲ್ಲೇ ಈ ಆಲ್ಬಮ್‌ನ ಗುಟ್ಟು ಇದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಟೂರಿನ ಜೊತೆಗೆ ಎಂಟು ಟ್ರ್ಯಾಕಿನ ರೆಕಾರ್ಡರ್‌ಗಳನ್ನು ಒಯ್ದರು. ಕೆಲವು ಹೊಸ ಹಾಡುಗಳನ್ನು ಶೋನಲ್ಲೇ, ಜನರ ಮುಂದೆಯೇ ರೆಕಾರ್ಡ್ ಮಾಡಿಕೊಂಡರು. ಇನ್ನು ಕೆಲವನ್ನು ಸೌಂಡ್ ಚೆಕ್‌ನಲ್ಲಿ. ಸೌಂಡ್ ಚೆಕ್ ಅಂದರೆ ಗೊತ್ತಲ್ವಾ, ಸಂಜೆ ಶೋ ಇದ್ದರೆ ಮಧ್ಯಾಹ್ನ ಬ್ಯಾಂಡ್ ಬಂದು ಮೈಕು, ಡ್ರಮ್ಸು, ಆಂಪ್ಲಿಫೈಯರ್ ಎಲ್ಲ ಸರಿ ಇದೆಯಾ ಅಂತ ನುಡಿಸಿ ನೋಡುವುದು. ಹತ್ತಿಪ್ಪತ್ತು ಸಾವಿರ ಜನ ಹಿಡಿಸುವ ಹಾಲು, ಒಳಗೆ ಒಂದು ನರಪಿಳ್ಳೆಯಿಲ್ಲ. ವೈರ್ ಎಳೆಯುವವರು, ಲೈಟ್ ಕಟ್ಟುವವರು ಅಷ್ಟೇ. ಮೆಚ್ಚಿಸಬೇಕಾದವರು ಯಾರೂ ಎದುರಿಗಿಲ್ಲ. ಆದರೆ ಕೈ ಮಾತ್ರ ತಿಂಗಳುಗಟ್ಟಲೆ ದಿನಾ ನುಡಿಸಿ ನುಡಿಸಿ ಪಳಗಿಬಿಟ್ಟಿದೆ. ಸ್ಟುಡಿಯೊದಲ್ಲಿ ಈ ಬಿಸಿ ಸಿಗುವುದಿಲ್ಲ, ಶೋನಲ್ಲಿ ಈ ನಿರಾಳ ಸಿಗುವುದಿಲ್ಲ. ಎರಡೂ ಒಟ್ಟಿಗೆ ಸಿಗುವ ಜಾಗ ಇದೊಂದೇ. ಅಟ್ಲಾಂಟಾ, ಮೆಂಫಿಸ್, ಒರ್‌ಲ್ಯಾಂಡೊ, ಫೀನಿಕ್ಸ್, ಹೀಗೆ ಊರೂರಿನ ಖಾಲಿ ಹಾಲ್‌ಗಳ ಗಾಳಿ ಈ ಹಾಡುಗಳಲ್ಲಿ ತುಂಬಿಕೊಂಡಿದೆ. ಒಂದು ಚಿಕ್ಕ ವಾದ್ಯಸಂಗೀತದ ತುಣುಕನ್ನಂತೂ ಫಿಲಡೆಲ್ಫಿಯಾದ ಹಾಲ್‌ನ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ರೆಕಾರ್ಡ್ ಮಾಡಿದ್ದಾರೆ.

ಟೂರ್ ಮುಗಿದ ಮೇಲೆ ಸಿಯಾಟಲ್‌ನ ಬ್ಯಾಡ್ ಅನಿಮಲ್ಸ್ ಸ್ಟುಡಿಯೊದಲ್ಲಿ ಇನ್ನು ನಾಲ್ಕು ಹಾಡು ಮಾಡಿ, ಮಿಕ್ಕವುಗಳ ಮೇಲೆ ಒಂದಷ್ಟು ಕೆಲಸ ಮಾಡಿ, 1996ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದರು. 14 ಹಾಡು, 65 ನಿಮಿಷಕ್ಕೂ ಮೇಲೆ. ಅವರ ಆಲ್ಬಮ್‌ಗಳಲ್ಲೇ ಉದ್ದನೆಯದು.

ಮೊದಲ ಹಾಡೇ ಅಪಶಕುನ. ‘ಹೌ ದ ವೆಸ್ಟ್ ವಾಸ್ ವನ್ ಅಂಡ್ ವೇರ್ ಇಟ್ ಗಾಟ್ ಅಸ್’ ಅನ್ನುವ ಮಾರುದ್ದದ ಹೆಸರು. ಹಿಂದಿನ ಆಲ್ಬಮ್ ಗಿಟಾರ್ ಅಬ್ಬರದಿಂದ ಶುರುವಾಗಿತ್ತು. ಇದು ಹಾಗಲ್ಲ, ಡ್ರಮ್ಸ್ ಒಂದೇ ಸಮ ಕಾಲೆಳೆದುಕೊಂಡು ಬರುತ್ತದೆ, ಬೇಸ್ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ, ಸ್ಟೈಪ್ ಮಾತಾಡಿದ ಹಾಗೆ ಹಾಡುತ್ತಾನೆ. ನಡುವೆ ಪಿಯಾನೊ ಬರುತ್ತದೆ. ಅದನ್ನು ಸರಿಯಾಗಿ ಕೇಳಿ. ತಪ್ಪು ಮನೆಯ ಮೇಲೆ ಬೆರಳಿಟ್ಟ ಹಾಗೆ, ಎಡವಿ ಎಡವಿ, ಬೇಕಂತಲೇ ತಾಳದ ಆಚೆ ಈಚೆ ಬೀಳುತ್ತದೆ. ಮೊದಲ ಸಲ ಕೇಳಿದವರಿಗೆ ಏನೋ ಎಡವಟ್ಟಾಗಿದೆ ಅನ್ನಿಸಬೇಕು. ಒಂದು ದೊಡ್ಡ ಬ್ಯಾಂಡ್ ತನ್ನ ಆಲ್ಬಮ್‌ನ ಬಾಗಿಲಲ್ಲೇ ಇಂಥದ್ದನ್ನು ನಿಲ್ಲಿಸಿದೆ ಅಂದರೆ, ಒಳಗೆ ಬರುವವರು ಬನ್ನಿ, ಹೋಗುವವರು ಹೋಗಿ ಅಂತಲೇ ಅರ್ಥ. ತುಂಬ ಜನ ಹೋಗಿಯೇ ಬಿಟ್ಟರು!

ಹೋಗುವುದಕ್ಕೆ ಇನ್ನೊಂದು ಕಾರಣ, ಮೊದಲು ಬಿಟ್ಟ ಸಿಂಗಲ್, ಅಂದರೆ ಆಲ್ಬಮ್‌ನಿಂದ ಬಿಡಿಯಾಗಿ ಹೊರತಂದ ಹಾಡು, ‘ಇ-ಬೋ ದ ಲೆಟರ್’. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಇ-ಬೋ ಅಂದರೆ ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಉಪಕರಣ, ಒಳಗೊಂದು ಬ್ಯಾಟರಿ. ಗಿಟಾರ್ ತಂತಿಯ ಮೇಲೆ ಸ್ವಲ್ಪವೇ ಸ್ವಲ್ಪ ಎತ್ತರದಲ್ಲಿ ಹಿಡಿದರೆ ಅದರ ಕಾಂತಕ್ಷೇತ್ರಕ್ಕೆ ತಂತಿ ತಾನಾಗಿ ನಡುಗಲು ಶುರು ಮಾಡುತ್ತದೆ. ಮೀಟುವುದು ಬೇಡ. ಮೀಟಿದ ಸ್ವರ ಬೇಗ ಆರಿಹೋಗುತ್ತದೆ, ಇದು ಆರುವುದೇ ಇಲ್ಲ, ಹಿಡಿದಷ್ಟು ಹೊತ್ತೂ ನಿಲ್ಲುತ್ತದೆ. ಈ ಹಾಡಿನಲ್ಲಿ ಅದು ಶ್ರುತಿ ಹಿಡಿದ ಹಾಗೆ ಹಿಂದೆ ಎಳೆಯುತ್ತಲೇ ಇರುತ್ತದೆ. ಅದರ ಮೇಲೆ ಸ್ಟೈಪ್ ಒಂದು ಪತ್ರ ಓದಿದ ಹಾಗೆ ಸಾಲು ಸಾಲಾಗಿ ಹೇಳುತ್ತಾ ಹೋಗುತ್ತಾನೆ. ಪ್ರಾಸ ಇಲ್ಲ, ಉಸಿರು ಬಿಡಲೂ ಜಾಗ ಇಲ್ಲ. ಇನ್ನೇನು ಇದು ಹೀಗೇ ಮುಗಿಯುತ್ತದೆ ಅನ್ನುವಾಗ ಕೋರಸ್‌ಗೆ ಇನ್ನೊಂದು ದನಿ ಬರುತ್ತದೆ. ಅದು ಹಿರಿಯ ರಾಕ್ ಗಾಯಕಿ ಪ್ಯಾಟಿ ಸ್ಮಿತ್.

ಪ್ಯಾಟಿ ಸ್ಮಿತ್ ಬಂದು ಹಾಡುವುದು ಸಣ್ಣ ವಿಷಯ ಅಲ್ಲ. 1975ರಲ್ಲಿ ಬಂದ ಆಕೆಯ ಮೊದಲ ಆಲ್ಬಮ್ ‘ಹಾರ್ಸಸ್’ ಅನ್ನು ಹದಿಹರೆಯದಲ್ಲಿ ಕೇಳಿ ತಾನೂ ಹಾಡಬೇಕು ಅಂತ ನಿರ್ಧರಿಸಿದ ಹುಡುಗ ಈ ಸ್ಟೈಪ್. ಅದನ್ನು ಅವನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಸ್ಮಿತ್ ಅವರ ಗಂಡ ಫ್ರೆಡ್ ಸ್ಮಿತ್ 1994ರಲ್ಲಿ ತೀರಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಹಾಡಿದ ದನಿ ಇದು. ಆಕೆ ಇಲ್ಲಿ ಗಂಟಲು ಏರಿಸುವುದೇ ಇಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ, ತೂಕದಿಂದ ಹಾಡುತ್ತಾರೆ. ಸ್ಟೈಪ್‌ನ ಮಾತಿನ ಹೊಳೆಗೆ ಯಾರೋ ಹಿರಿಯರು ಅಡ್ಡ ನಿಂತು ‘ಇರು ಮಾರಾಯ, ನಾನಿದ್ದೇನೆ’ ಅಂದ ಹಾಗಿದೆ. ರಾಕ್ ಸಂಗೀತದಲ್ಲಿ ಎರಡು ದನಿ ಕೂಡಿದ ಹಾಡುಗಳ ಪಟ್ಟಿ ಮಾಡಿದರೆ ನಾನು ಇದನ್ನು ತೀರ ಮೇಲೆ ಇಡುತ್ತೇನೆ.

ಆದರೆ ಮೊದಲ ಸಿಂಗಲ್ ಆಗಿ? ಅಯ್ಯೋ. ಬ್ರಿಟನ್‌ನ ಹಿಟ್ ಹಾಡುಗಳ ಪಟ್ಟಿಯಲ್ಲಿ ಹೇಗೋ 4ನೇ ಸ್ಥಾನಕ್ಕೆ ಏರಿತು, ಅಮೆರಿಕದಲ್ಲಿ 49ಕ್ಕೇ ನಿಂತಿತು. ಕಾರಿನಲ್ಲಿ ಹೋಗುತ್ತಾ ರೇಡಿಯೊ ಕೇಳುವವರಿಗೆ ಈ ಹಾಡಿನಲ್ಲಿ ಹಿಡಿದುಕೊಳ್ಳಲು ಒಂದು ಗುನುಗು ಕೂಡ ಇಲ್ಲ. ‘ಬಿಟರ್‌ಸ್ವೀಟ್ ಮಿ’ಯನ್ನು ಮೊದಲು ಬಿಟ್ಟಿದ್ದರೆ ಕಥೆ ಬೇರೆ ಇರುತ್ತಿತ್ತೋ ಏನೋ, ಅದರಲ್ಲಿ ಜನ ಕೇಳಿದ್ದೆಲ್ಲ ಇತ್ತು. ಮೆತ್ತಗಿನ ಚರಣ, ಏರುವ ಪಲ್ಲವಿ, ಗಟ್ಟಿ ಗಿಟಾರ್. ಇನ್ನೊಂದು ಕಡೆ, ಆಲ್ಬಮ್ ಬರುವ ಒಂದು ತಿಂಗಳು ಮುಂಚೆ ವಾರ್ನರ್ ಬ್ರದರ್ಸ್ ಕಂಪನಿ ಜೊತೆ ಬ್ಯಾಂಡ್ ಹೊಸ ಒಪ್ಪಂದ ಮಾಡಿಕೊಂಡಿತ್ತು. 8 ಕೋಟಿ ಡಾಲರ್ ಅಂತ ಪತ್ರಿಕೆಗಳು ಬರೆದವು. ಅಷ್ಟು ದೊಡ್ಡ ಮೊತ್ತದ ಸುದ್ದಿ ಓದಿದವರ ಕಿವಿಗೆ ಒಂದು ದುಃಖದ ಪತ್ರದ ಹಾಡು ಬಿದ್ದರೆ ಏನನ್ನಿಸಬೇಕು! ‘ಮಾನ್‌ಸ್ಟರ್’ ಅಮೆರಿಕವೊಂದರಲ್ಲೇ ನಾಲ್ಕು ಸಲ ಪ್ಲಾಟಿನಂ ಆಗಿತ್ತು (ಹತ್ತು ಲಕ್ಷ ಪ್ರತಿಗೆ ಒಂದು ಪ್ಲಾಟಿನಂ). ಇದು ಒಂದೇ ಸಲಕ್ಕೆ ಸುಸ್ತಾಯಿತು. ಅಲ್ಲಿನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಬಂದು ಇಳಿಯಿತು. ಹತ್ತು ಲಕ್ಷ ಪ್ರತಿ ಹೋದ ಆಲ್ಬಮ್‌ಗೆ ಸೋತಿತು ಅನ್ನುವ ಹಣೆಪಟ್ಟಿ ಬಿದ್ದದ್ದು ಆ ಕಾಲದ ತಮಾಷೆ.

ಇನ್ನು ‘ಲೀವ್’. ಇಡೀ ಆಲ್ಬಮ್ ಬಿಟ್ಟು ಒಂದೇ ಹಾಡು ಕೇಳುತ್ತೇನೆ ಅನ್ನುವವರಿಗೆ ನಾನು ಕೊಡುವುದು ಇದನ್ನೇ. 7 ನಿಮಿಷ ದಾಟುವ ಹಾಡು. ಅಟ್ಲಾಂಟಾದ ಸೌಂಡ್ ಚೆಕ್‌ನಲ್ಲಿ ಹಿಡಿದದ್ದು. ಮೊದಲ ಒಂದು ನಿಮಿಷ ಮೆಲ್ಲಗೆ ಗಿಟಾರ್, ಏನೂ ಅವಸರ ಇಲ್ಲ. ಅಲ್ಲಿಂದ ಒಂದು ಸಿಂಥಸೈಜರ್ ಶುರುವಾಗುತ್ತದೆ. ಆಂಬುಲೆನ್ಸ್ ಸೈರನ್ ಥರ ಮೇಲೆ ಕೆಳಗೆ, ಮೇಲೆ ಕೆಳಗೆ. ಸರಿ, ಈಗ ನಿಲ್ಲಬಹುದು ಅಂತ ಕಾಯುತ್ತೀರಿ. ನಿಲ್ಲುವುದಿಲ್ಲ. ಚರಣ ಬರುತ್ತದೆ, ಪಲ್ಲವಿ ಬರುತ್ತದೆ, ಗಿಟಾರ್‌ಗಳು ಒಂದರ ಮೇಲೊಂದು ಬೀಳುತ್ತವೆ, ಸೈರನ್ ಮಾತ್ರ ತನ್ನ ಪಾಡಿಗೆ ಕೂಗುತ್ತಲೇ ಇರುತ್ತದೆ. ಮೊದಮೊದಲು ಕಿರಿಕಿರಿ. ಮೂರು ನಿಮಿಷಕ್ಕೆ ಕಿವಿ ಅದಕ್ಕೆ ಹೊಂದಿಕೊಳ್ಳುತ್ತದೆ. ಐದನೇ ನಿಮಿಷದ ಹೊತ್ತಿಗೆ ಆ ಸೈರನ್ ಇಲ್ಲದೆ ಈ ಹಾಡನ್ನು ನೆನೆಸಿಕೊಳ್ಳಲೂ ಆಗುವುದಿಲ್ಲ. ಎಲ್ಲವನ್ನೂ ಬಿಟ್ಟು ಹೋಗಬೇಕು ಅನ್ನುವುದೇ ಹಾಡಿನ ವಿಷಯ, ಆದರೆ ಹೋಗಲು ಬಿಡದೆ ಹಿಂದೆಯೇ ಅಟ್ಟಿಕೊಂಡು ಬರುವ ಸದ್ದು ಅದು. ಇದೇ ಹಾಡಿನ ಸೈರನ್ ಇಲ್ಲದ ಇನ್ನೊಂದು ರೂಪವೂ ಇದೆ, ಮುಂದಿನ ವರ್ಷ ‘ಎ ಲೈಫ್ ಲೆಸ್ ಆರ್ಡಿನರಿ’ ಸಿನಿಮಾದ ಸಂಗೀತದ ಆಲ್ಬಮ್‌ನಲ್ಲಿ ಬಂತು. ಚೆನ್ನಾಗಿದೆ, ನಯವಾಗಿದೆ. ಆದರೆ ಸಪ್ಪೆ. ಇವೆರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಖಾಲಿ ಹಾಲ್‌ನಲ್ಲಿ ಅವರಿಗೆ ಸಿಕ್ಕಿದ್ದೇನು ಅಂತ ಸುಲಭವಾಗಿ ಗೊತ್ತಾಗುತ್ತದೆ.

‘ನ್ಯೂ ಟೆಸ್ಟ್ ಲೆಪರ್’ ಸ್ಟುಡಿಯೊದಲ್ಲಿ ಮಾಡಿದ್ದು, ಆದರೂ ಮೈಮೇಲೆ ಟೂರಿನ ಧೂಳು ಇದೆ. ಟಿವಿ ಟಾಕ್ ಶೋ ಒಂದರಲ್ಲಿ ಕೂತ ಒಬ್ಬ ಮನುಷ್ಯ. ಅವನು ಏನೋ ಹೇಳಲು ಬಂದಿದ್ದಾನೆ. ಕೂತ ಜನಕ್ಕೆ ಅವನ ಮಾತು ಬೇಡ, ಅವನನ್ನು ನೋಡಿ ಮೂಗು ಮುರಿಯುವುದು ಬೇಕು. ಅಷ್ಟರಲ್ಲಿ ಜಾಹೀರಾತಿನ ಹೊತ್ತಾಗುತ್ತದೆ. 1996ರಲ್ಲಿ ಅದು ಹಗಲು ಹೊತ್ತಿನ ಟಿವಿಯ ಗೇಲಿ ಆಗಿತ್ತು. ಈಗ ಕೇಳಿದರೆ, ಫೋನ್ ಹಿಡಿದ ಪ್ರತಿಯೊಬ್ಬನ ಬಗ್ಗೆ ಬರೆದಂತಿದೆ. ರಾಗ ನೋಡಿದರೆ ಅವರ 80ರ ದಶಕದ ಹಾಡುಗಳ ಹಾಗೆ ಝಲ್ ಝಲ್ ಅನ್ನುವ ಗಿಟಾರ್, ಹಗುರ ನಡೆ. ಅದರೊಳಗೆ ಇಷ್ಟು ಕಹಿ ತುಂಬಿದ್ದಾರೆ. ಸ್ಟೈಪ್‌ಗೆ ಕಥೆ ಹೇಳಲು ಬರುವುದಿಲ್ಲ, ಒಗಟು ಹೇಳುತ್ತಾನೆ ಅಂತ ದೂರುವವರು ಈ ಹಾಡಿನಿಂದ ಶುರು ಮಾಡಬಹುದು.

ವೇಗದ ಹಾಡುಗಳ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ‘ದ ವೇಕ್-ಅಪ್ ಬಾಂಬ್’ ಶೋನಲ್ಲಿ ರೆಕಾರ್ಡ್ ಆದದ್ದು, 70ರ ದಶಕದ ಗ್ಲಾಮ್ ರಾಕ್‌ನ ಠೇಂಕಾರ ಅದರಲ್ಲಿದೆ. ‘ಡಿಪಾರ್ಚರ್’ ವಿಮಾನದಲ್ಲಿ ಕೂತು ಗೀಚಿದ ಹಾಗಿದೆ, ಊರಿಂದ ಊರಿಗೆ, ನಿದ್ದೆ ಇಲ್ಲ. ಎರಡರಲ್ಲೂ ಜನರ ಗದ್ದಲವನ್ನು ತೆಗೆದುಹಾಕಿದ್ದಾರೆ. ಲೈವ್ ಅಂತ ಹೇಳದಿದ್ದರೆ ಗೊತ್ತೇ ಆಗುವುದಿಲ್ಲ. ಇದು ಒಳ್ಳೆಯ ತೀರ್ಮಾನ. ಶಿಳ್ಳೆ, ಚಪ್ಪಾಳೆ ಇದ್ದಿದ್ದರೆ ಇದು ಮಾಮೂಲಿ ಲೈವ್ ಆಲ್ಬಮ್ ಆಗುತ್ತಿತ್ತು. ‘ಅಂಡರ್‌ಟೋ’ದಲ್ಲಿ ಮಾತ್ರ ಮಿಲ್ಸ್‌ನ ಬೇಸ್ ಎಷ್ಟು ದಪ್ಪ ಇದೆ ಅಂದರೆ ಅಗ್ಗದ ಇಯರ್‌ಫೋನ್‌ನಲ್ಲಿ ಆ ಹಾಡು ಅರ್ಧವೂ ಕೇಳಿಸುವುದಿಲ್ಲ. ಒಳ್ಳೆ ಸ್ಪೀಕರ್ ಇದ್ದರೆ ಅದರಲ್ಲೇ ಕೇಳಿ.

ದೂರುಗಳೂ ಇವೆ. 65 ನಿಮಿಷ ಜಾಸ್ತಿಯೇ ಆಯಿತು. ಸಿಡಿಯಲ್ಲಿ ಜಾಗ ಇದೆ ಅಂತ ತುಂಬಿಸುವ ಚಟ ಆ ದಶಕದಲ್ಲಿ ಎಲ್ಲರಿಗೂ ಇತ್ತು, ಇವರನ್ನೂ ಬಿಡಲಿಲ್ಲ. ‘ಬಿಂಕಿ ದ ಡೋರ್‌ಮ್ಯಾಟ್’ ಇಲ್ಲದಿದ್ದರೆ ಏನೂ ನಷ್ಟವಿರಲಿಲ್ಲ. ಹಿಂದಿನಿಂದ ಮಿಲ್ಸ್ ಹಾಡುವ ಸಾಲುಗಳು ಅದನ್ನು ಹೇಗೋ ಎತ್ತಿ ನಿಲ್ಲಿಸುತ್ತವೆ, ಆದರೂ ಹಾಡು ಹಿಂದಿನ ಆಲ್ಬಮ್‌ನಿಂದ ಉಳಿದ ಸರಕಿನಂತಿದೆ. ‘ಝಿದರ್’ ಅನ್ನುವ ಡ್ರೆಸ್ಸಿಂಗ್ ರೂಮಿನ ತುಣುಕು ಚಂದ, ಆದರೆ ಅದು ಬರುವುದು ಬಿಂಕಿ ಮುಗಿದ ಮೇಲೆ, ಅಷ್ಟು ಹೊತ್ತಿಗೆ ಕಿವಿ ದಣಿದಿರುತ್ತದೆ. ‘ದ ವೇಕ್-ಅಪ್ ಬಾಂಬ್’ ಕೂಡ ಐದು ನಿಮಿಷ ಎಳೆಯಬೇಕಿರಲಿಲ್ಲ. ಸಂಗೀತ ಇಷ್ಟವಾದರೂ ಮಾತು ಅರ್ಥವಾಗದಿದ್ದರೆ ಬೇಜಾರು ಅನ್ನುವವರಿಗೆ ಸ್ಟೈಪ್ ಇಲ್ಲೂ ಕಷ್ಟ ಕೊಡುತ್ತಾನೆ. ಕೆಲವು ಸಾಲು ಎಷ್ಟು ತಲೆ ಕೆರೆದುಕೊಂಡರೂ ಬಗ್ಗುವುದಿಲ್ಲ. ನಾನಂತೂ ಆ ಪ್ರಯತ್ನ ಬಿಟ್ಟಿದ್ದೇನೆ. ಸುಮ್ನೆ ದನಿಯನ್ನು ಕೇಳುತ್ತೇನೆ.

ಸರಿ, ಬಿಲ್ ಬೆರಿ. ಈ ಆಲ್ಬಮ್ ಬಗ್ಗೆ ಮಾತಾಡುವಾಗ ಡ್ರಮ್ಸ್ ಬಗ್ಗೆ ಮಾತಾಡದೆ ಇರಲು ಆಗುವುದಿಲ್ಲ. ಅವನು ಕೈಚಳಕ ತೋರಿಸುವ ಡ್ರಮ್ಮರ್ ಅಲ್ಲ. ಹಾಡಿಗೆ ಎಷ್ಟು ಬೇಕೋ ಅಷ್ಟು, ಒಂದು ಪೆಟ್ಟು ಜಾಸ್ತಿ ಇಲ್ಲ. ಇಂಥವರು ಇರುವಾಗ ಯಾರೂ ಗಮನಿಸುವುದಿಲ್ಲ, ಹೋದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ‘ಸೋ ಫಾಸ್ಟ್, ಸೋ ನಂಬ್’ ಹಾಕಿ ಬರೀ ಡ್ರಮ್ಸ್ ಹಿಡಿದು ಕೇಳಿ. ಪಿಯಾನೊ ಕುಣಿಯುತ್ತಿದೆ, ಗಿಟಾರ್ ಕಿರುಚುತ್ತಿದೆ, ತನ್ನನ್ನು ತಾನೇ ಹಾಳು ಮಾಡಿಕೊಳ್ಳುತ್ತಿರುವ ಗೆಳೆಯನಿಗೆ ಸ್ಟೈಪ್ ಬೈಯುತ್ತಿದ್ದಾನೆ. ಇಷ್ಟೆಲ್ಲದರ ಅಡಿಯಲ್ಲಿ ಬೆರಿ ಗೋಡೆಯ ಹಾಗೆ ನಿಂತಿದ್ದಾನೆ. ಕೆಲವೇ ತಿಂಗಳ ಹಿಂದೆ ತಲೆಗೆ ಆಪರೇಷನ್ ಆದ ಮನುಷ್ಯ ಇವನು ಅಂತ ನಂಬುವುದು ಕಷ್ಟ.

1997ರ ಅಕ್ಟೋಬರಿನಲ್ಲಿ ಅವನು ಬ್ಯಾಂಡ್ ಬಿಟ್ಟ. ಜಗಳ ಇಲ್ಲ, ದುಡ್ಡಿನ ತಕರಾರು ಇಲ್ಲ. ಸಾಕಾಯಿತು ಅಂದ, ಜಮೀನು ನೋಡಿಕೊಂಡು ಇರುತ್ತೇನೆ ಅಂದ. ನಾನು ಹೋದರೆ ನೀವು ಬ್ಯಾಂಡ್ ನಿಲ್ಲಿಸುತ್ತೀರಿ ಅಂತಾದರೆ ನಾನು ಹೋಗುವುದಿಲ್ಲ ಅಂತ ಷರತ್ತು ಬೇರೆ ಹಾಕಿದ್ದ. ಉಳಿದ ಮೂವರು ಮುಂದುವರಿದರು. ಮುಂದಿನ ಆಲ್ಬಮ್ ‘ಅಪ್’ 1998ರಲ್ಲಿ ಬಂತು, ಅದರಲ್ಲಿ ಡ್ರಮ್ ಮಷಿನ್‌ಗಳ ಸದ್ದು. ಅದೂ ಕೆಟ್ಟದ್ದೇನಲ್ಲ. ಆದರೆ ಅದು ಮೂವರು ಕೂತು ಯೋಚನೆ ಮಾಡಿದ ಸಂಗೀತ, ಇದು ನಾಲ್ವರು ಎದ್ದು ನಿಂತು ನುಡಿಸಿದ ಸಂಗೀತ. ಆಮೇಲೆ ಏರಿದ್ದಕ್ಕಿಂತ ಇಳಿದದ್ದೇ ಜಾಸ್ತಿ, 2011ರ ಸೆಪ್ಟೆಂಬರಿನಲ್ಲಿ ಬ್ಯಾಂಡ್ ಬಾಗಿಲು ಹಾಕಿತು. ಹಾಗಾಗಿ ನಾಲ್ವರೂ ಕೂಡಿ ಮಾಡಿದ ಕೊನೆಯ ಆಲ್ಬಮ್ ‘ನ್ಯೂ ಅಡ್ವೆಂಚರ್ಸ್’, ಅವರ ನಿರ್ಮಾಪಕ ಸ್ಕಾಟ್ ಲಿಟ್‌ಗೂ ಬ್ಯಾಂಡಿನ ಜೊತೆ ಇದೇ ಕೊನೆಯದು. 1987ರಿಂದ ಆರು ಆಲ್ಬಮ್‌ಗಳಲ್ಲಿ ಜೊತೆಗಿದ್ದವನು, ಇಲ್ಲಿಗೆ ಅವನದೂ ಮುಗಿಯಿತು. ಹೀಗೆ ಒಂದು ಇಡೀ ತಂಡದ ಕೊನೆಯ ದಾಖಲೆ ಇದು. ಆಗ ಕೇಳಿದವರಿಗೆ ಅದು ಗೊತ್ತಿರಲಿಲ್ಲ ಅಷ್ಟೇ.

ಗೊತ್ತಿದ್ದು ಕೇಳುವ ನಮಗೆ ಹಾಡುಗಳ ಹೆಸರುಗಳೇ ಚುಚ್ಚುತ್ತವೆ. ‘ಲೀವ್’, ‘ಡಿಪಾರ್ಚರ್’, ಎಲ್ಲ ಹೊರಡುವ ಮಾತೇ. ಅದನ್ನು ಜಾಸ್ತಿ ಎಳೆದಾಡಬಾರದು, ವರ್ಷವಿಡೀ ಬಸ್ಸು ವಿಮಾನದಲ್ಲಿದ್ದವರು ಇನ್ನೇನು ಬರೆಯುತ್ತಾರೆ? ಹೊದಿಕೆಯಲ್ಲೂ ಅಷ್ಟೇ, ಕಪ್ಪು ಬಿಳುಪಿನಲ್ಲಿ ಮರುಭೂಮಿ, ದೂರದಲ್ಲಿ ಬೆಟ್ಟ, ಮನುಷ್ಯರ ಸುಳಿವಿಲ್ಲ. ‘ಲೋ ಡೆಸರ್ಟ್’ ಹಾಡು ಕೇಳಿದರೆ ಆ ಚಿತ್ರದೊಳಗೇ ಗಾಡಿ ಓಡಿಸಿದ ಹಾಗಾಗುತ್ತದೆ. ನಿಧಾನ, ಭಾರ, ಗಿಟಾರ್ ತಂತಿಯ ಮೇಲೆ ಜಾರುತ್ತಾ ನರಳುತ್ತದೆ. ಯಾರೂ ಇದನ್ನು ತಮ್ಮ ಮೆಚ್ಚಿನ ಹಾಡು ಅನ್ನುವುದಿಲ್ಲ, ಆದರೂ ಇದಿಲ್ಲದೆ ಆಲ್ಬಮ್‌ಗೆ ಅಷ್ಟು ವಿಸ್ತಾರ ಬರುತ್ತಿರಲಿಲ್ಲ. ‘ಬಿ ಮೈನ್’ ಮೇಲ್ನೋಟಕ್ಕೆ ಪ್ರೇಮಗೀತೆ. ಮಾತುಗಳನ್ನು ಸರಿಯಾಗಿ ಕೇಳಿದರೆ ಇವನು ಪ್ರೀತಿಸುತ್ತಿದ್ದಾನೋ ಕಾಡುತ್ತಿದ್ದಾನೋ ಅಂತ ಸಣ್ಣಗೆ ಭಯವಾಗುತ್ತದೆ. ಮೊದಲಿಗೆ ಬರೀ ಗಿಟಾರ್ ಮತ್ತು ದನಿ, ಉಳಿದ ವಾದ್ಯಗಳು ತಡವಾಗಿ ಬಂದು ಸೇರುತ್ತವೆ. ಆ ಕಾಯಿಸುವಿಕೆಯೇ ಹಾಡಿನ ಜೀವ.

ಕೊನೆಯ ಹಾಡು ‘ಇಲೆಕ್ಟ್ರೊಲೈಟ್’. ಪಿಯಾನೊ, ಬ್ಯಾಂಜೊ, ಪಿಟೀಲು, ಎಲ್ಲ ಹಗುರ. ಫೀನಿಕ್ಸ್‌ನ ಸೌಂಡ್ ಚೆಕ್‌ನಲ್ಲಿ ಹಿಡಿದದ್ದು ಇದು. ಲಾಸ್ ಏಂಜಲೀಸ್‌ನ ಮೇಲೆ ಗುಡ್ಡದ ಅಂಚಿನಲ್ಲಿ ಹಾದುಹೋಗುವ ಮಲ್‌ಹೊಲಂಡ್ ಡ್ರೈವ್ ಅನ್ನುವ ರಸ್ತೆ, ಕೆಳಗೆ ಊರೆಲ್ಲ ದೀಪ. ಅಲ್ಲಿ ನಿಂತು ಹಳೇ ಸಿನಿಮಾ ನಟರ ಹೆಸರು ನೆನೆಯುತ್ತಾ ಸ್ಟೈಪ್ 20ನೇ ಶತಮಾನಕ್ಕೇ ವಿದಾಯ ಹೇಳುತ್ತಾನೆ. ದೊಡ್ಡ ಮಾತು, ಆದರೆ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಜೇಮ್ಸ್ ಡೀನ್, ಸ್ಟೀವ್ ಮೆಕ್ವೀನ್, ಮಾರ್ಟಿನ್ ಶೀನ್ ಅಂತ ಹೆಸರು ಬರುವಾಗ ಸ್ವಲ್ಪ ನಗುವೂ ಇದೆ. ಕೊನೆಗೆ ವಾದ್ಯಗಳೆಲ್ಲ ನಿಲ್ಲುತ್ತವೆ, ನಾನು ಹೊರಟೆ ಅಂತ ಒಂದು ಮಾತು ಹೇಳಿ ಹೋಗುತ್ತಾನೆ. ಇಷ್ಟು ಸುಸ್ತಾದ ಆಲ್ಬಮ್ ಇಷ್ಟು ಹಗುರಾಗಿ ಮುಗಿಯುವುದೇ ಒಂದು ಬೆರಗು.

ಈಗ ಕೇಳುವುದು ಹೇಗೆ ಅನ್ನುವ ಪ್ರಶ್ನೆ. ಸ್ಟ್ರೀಮಿಂಗ್‌ನಲ್ಲಿ ಸುಲಭವಾಗಿ ಸಿಗುತ್ತದೆ. 2021ರಲ್ಲಿ 25 ವರ್ಷದ ನೆನಪಿಗೆ ಮರುಬಿಡುಗಡೆ ಮಾಡಿದ್ದಾರೆ, ಅದರ ಎರಡನೇ ಡಿಸ್ಕಿನಲ್ಲಿ ಆಗ ಸಿಂಗಲ್‌ಗಳ ಹಿಂದೆ ಬಿಟ್ಟಿದ್ದ ಹಾಡುಗಳು, ಬೇರೆಯವರ ಹಾಡುಗಳನ್ನು ಇವರು ಹಾಡಿದ್ದು, ಮೇಲೆ ಹೇಳಿದ ‘ಲೀವ್’ನ ಇನ್ನೊಂದು ರೂಪ, ಎಲ್ಲ ಇದೆ. ‘ಬಿ ಮೈನ್’ ಹಾಡಿನ ಹಳೇ ರೂಪವೊಂದು ಅದರಲ್ಲಿದೆ, ಮೈಕ್ (ಅಂದರೆ ಮಿಲ್ಸ್) ಬಸ್ಸಿನಲ್ಲಿದ್ದಾಗಿನದು ಅಂತ ಹೆಸರಿನಲ್ಲೇ ಹೇಳಿದ್ದಾರೆ. ಹಾಡು ಇನ್ನೂ ಮೈ ತುಂಬಿಕೊಳ್ಳುವ ಮುಂಚೆ ಹೇಗಿತ್ತು ಅಂತ ತಿಳಿಯುವ ಕುತೂಹಲ ಇದ್ದರೆ ಕೇಳಿ. ಬ್ರಿಟಿಷ್ ಗಾಯಕ ರಿಚರ್ಡ್ ಥಾಂಪ್ಸನ್‌ನ ‘ವಾಲ್ ಆಫ್ ಡೆತ್’ ಅನ್ನು ಇವರು ಹಾಡಿದ್ದೂ ಚೆನ್ನಾಗಿದೆ. ಇವೆರಡನ್ನು ಬಿಟ್ಟರೆ ಎರಡನೇ ಡಿಸ್ಕ್ ಅಭಿಮಾನಿಗಳಿಗೆ ಮಾತ್ರ. ಹಳೇ ಸಿಡಿ ಎಲ್ಲಾದರೂ ಕಡಿಮೆಗೆ ಸಿಕ್ಕಿದರೆ ಧಾರಾಳವಾಗಿ ತೆಗೆದುಕೊಳ್ಳಿ, ಧ್ವನಿಯಲ್ಲಿ ಏನೂ ಕೊರತೆ ಇಲ್ಲ.

ಶಫಲ್ ಹಾಕಬೇಡಿ, ಮೊದಲಿಂದ ಕೇಳಿ. ಪೂರ್ತಿ ಒಂದೇ ಸಲಕ್ಕೆ ಕೂರಲು ಆಗದಿದ್ದರೆ ಮೊದಲ ಆರು ಹಾಡು ಒಂದು ಸಲ, ಉಳಿದ ಎಂಟು ಇನ್ನೊಂದು ಸಲ. ‘ಲೀವ್’ ಮುಗಿದ ಮೇಲೆ ಹೇಗೂ ಒಂದು ಬಿಡುವು ಬೇಕೇ ಬೇಕು. ‘ಲೂಸಿಂಗ್ ಮೈ ರಿಲಿಜನ್’ ಥರದ್ದೇ ಇನ್ನೊಂದು ಬೇಕು ಅಂತ ಬರುವವರು ‘ಇಲೆಕ್ಟ್ರೊಲೈಟ್’ ಕೇಳಿ, ಆಮೇಲೆ ‘ನ್ಯೂ ಟೆಸ್ಟ್ ಲೆಪರ್’. ಗಿಟಾರ್ ಅಬ್ಬರ ಬೇಕಾದವರಿಗೆ ‘ಅಂಡರ್‌ಟೋ’. ಬಿಂಕಿ ಬಂದಾಗ ಮುಂದಕ್ಕೆ ಒತ್ತಿದರೆ ನನ್ನದೇನೂ ಅಭ್ಯಂತರವಿಲ್ಲ.